ಉಸಿರಿರುವಾಗ

ಹಾರ್ಡಿ ಬೇ, ಸೇಂಟ್ ಥಾಮಸ್, ಜಮೈಕಾ
೯ ಜೂನ್ ೧೯೭೫

ಕಾಸ್ಬರ್ಟ್,

ನಿನಗೀಗ ಬೇರೆ ಹೆಸರಿದೆಯಂತೆ, ಬ್ರೆಡ್ ವ್ಯಾನಿನ ಆಲ್ಟಿ ಹೇಳಿದ. ಇರಲಿ. ಹೆತ್ತಾಗ ನಾನಿಟ್ಟದ್ದು ಇದು, ನನ್ನ ಕೈಗೆ ರೂಢಿಯಾಗಿರುವುದೂ ಇದೇ.

ನಿನ್ನ ಅಪ್ಪ ಬಿದ್ದಿದ್ದಾನೆ. ಮಿಸ್ ಲೆಟೀಷಿಯಾ ತೀರಿಕೊಂಡಳಲ್ಲ, ಅವಳ ಶವಪೆಟ್ಟಿಗೆಯ ಹಲಗೆಗೆ ಉಜ್ಜುಗೊರಡು ಹಾಕುತ್ತ ನಿಂತಿದ್ದವನು ಹಾಗೇ ಪಕ್ಕಕ್ಕೆ ಒರಗಿಬಿಟ್ಟ. ಬಲಗೈ, ಬಲಗಾಲು ಎರಡೂ ಹೋಗಿವೆ. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನ ಹಾಗೆ ಮಾತಾಡುತ್ತಾನೆ. ಆಸ್ಪತ್ರೆಯವರು ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಉಪ್ಪು ಕೊಡಬೇಡಿ ಎಂದರು. ಉಪ್ಪುಮೀನಿಲ್ಲದೆ ಈ ಮನೆಯಲ್ಲಿ ಬೆಳಗಾಗುವುದು ಹೇಗೆಂದು ಅವರಿಗೇನು ಗೊತ್ತು!

ನಿನ್ನನ್ನು ಕರೆ ಎಂದು ಅವನು ಹೇಳಿಲ್ಲ. ಗೇಟಿಗೆ ಅಡ್ಡ ನಿಂತು, "ಆ ತಲೆ ಬಾಚಿಕೊಂಡು ಬಂದ್ರೆ ಒಳಗೆ, ಇಲ್ಲಾಂದ್ರೆ ಅಲ್ಲೇ" ಅಂದವನು ಅವನೇ ಅಲ್ಲವೆ? ಆಡಿದ ಮಾತು ನುಂಗುವ ಜಾತಿಯಲ್ಲ. ಆದರೆ ದಿನಾ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾನೆ: "ಅಡೀನಾ, ನನ್ನ ಪೆಟ್ಟಿಗೆ ತಲೆ ಕಡೆ ಯಾರು ಹಿಡೀತಾರೆ?" ಈ ಊರಿನಲ್ಲಿ ಸತ್ತವರಿಗೆಲ್ಲ ಪೆಟ್ಟಿಗೆ ಮಾಡಿದವನು, ಅವರ ಅಂಗಳದಲ್ಲಿ ಹಾಡು ಎತ್ತಿಕೊಟ್ಟವನು, ಗುಂಡಿಯ ತನಕ ಭುಜ ಕೊಟ್ಟವನು. ಅವನು ಕೇಳುವುದರಲ್ಲಿ ತಪ್ಪೇನಿದೆ?

ಬಾ ಎನ್ನುತ್ತಿಲ್ಲ. ಸುದ್ದಿ ತಿಳಿಸುತ್ತಿದ್ದೇನೆ, ಅಷ್ಟೆ.

ನಿನ್ನ ತಾಯಿ,
ಅಡೀನಾ ಲಮ್ಸ್‌ಡೆನ್

*

ಗುಡ್ಡದ ಮೇಲಿನ ಬಿಡಾರ
೧೪ ಜೂನ್ ೧೯೭೫

ಅಮ್ಮಾ,

ನಮ್ಮ ದೇವರು ಜಾ ರಾಸ್ತಫಾರಿಯ ಹೆಸರಿನಲ್ಲಿ ಪ್ರೀತಿ, ಶಾಂತಿ.

ನಾನೂ ನಾನೂ ಬರುತ್ತೇವೆ. ಇಲ್ಲಿ ನಾವು ‘ನಾನು’ ಬೇರೆ ‘ನೀನು’ ಬೇರೆ ಎಂದು ಗೆರೆ ಎಳೆಯುವುದಿಲ್ಲ. ನನ್ನೊಳಗೆ ಕೂತವನೇ ಎದುರಿಗಿರುವವನ ಒಳಗೂ ಕೂತಿದ್ದಾನೆ. ಅದಕ್ಕೇ ಬಾಯಿಗೆ ಹಾಗೆ ಬರುತ್ತದೆ. ನಿನಗೆ ಬರೆಯುವಾಗ ಮಾತ್ರ ಹಳೆಯ ರೂಢಿಗೆ ಜಾರುತ್ತೇನೆ, ಯಾಕೆಂದರೆ ಬರೆಯಲು ಕಲಿಸಿದವಳು ನೀನೇ.

ಆದರೆ ನಾನು ಬರುವ ಮೊದಲು ಅಪ್ಪನಿಗೆ ಒಂದು ಮಾತು ಮುಟ್ಟಿಸು. ಅವನಿಗೆ ಮೋಸವಾಗಬಾರದು. ನಾನು ಅವನ ಪೆಟ್ಟಿಗೆ ಹಿಡಿಯುವುದಿಲ್ಲ. ತಲೆಯ ಕಡೆಯೂ ಇಲ್ಲ, ಕಾಲಿನ ಕಡೆಯೂ ಇಲ್ಲ. ಗುಂಡಿಯ ಬಳಿ ನಿಲ್ಲುವುದಿಲ್ಲ. ಬೈಬಲಿನ ಕಾಲದ ನಾಜೀರರು ಹಿಡಿದ ವ್ರತವನ್ನೇ ನಾನು ಹಿಡಿದಿದ್ದೇನೆ. ತಲೆಗೆ ಕತ್ತರಿ ಮುಟ್ಟಿಸಬಾರದು, ಮದ್ಯ ಮುಟ್ಟಬಾರದು, ಉಸಿರು ಹೋದ ದೇಹದ ಹತ್ತಿರ ಸುಳಿಯಬಾರದು, ಅದು ಹೆತ್ತವರದಾದರೂ. ಜಾ ಇರುವುದು ಉಸಿರಿನಲ್ಲಿ. ನನ್ನ ಸೇವೆಯೆಲ್ಲ ಅಲ್ಲಿಗೇ ಸಲ್ಲಬೇಕು.

ಇದನ್ನು ತಿಳಿದೂ ಅವನು ಒಳಗೆ ಬಿಟ್ಟರೆ ಬರುತ್ತೇನೆ. ಬಿಡದಿದ್ದರೆ ಗೇಟಿನ ಹೊರಗೆ ಬಾದಾಮಿ ಮರದಡಿ ಕೂರುತ್ತೇನೆ. ಎರಡರಲ್ಲಿ ಒಂದು. ಬರುವುದಂತೂ ನಿಜ.

ಇಥಿಯೆಲ್
(ನಿನ್ನ ಕಾಸ್ಬರ್ಟ್)

*

ಹಾರ್ಡಿ ಬೇ
೨೦ ಜುಲೈ ೧೯೭೫

ನನ್ನ ವೆರೋನಾ,

ನೀನು ಕಳಿಸಿದ ಮೃದುವಾದ ಅಂಗಿಗಳು ಬಂದವು. ಅಪ್ಪ ನೀಲಿಯದನ್ನು ಹಾಕಿಕೊಂಡು ನವವರನ ಹಾಗೆ ಕೂತಿದ್ದಾನೆ. ನಾಟಿಂಗ್‌ಹ್ಯಾಮಿನಲ್ಲಿ ಈಗಲಾದರೂ ಬಿಸಿಲು ಬಿತ್ತೆ?

ನಿನ್ನ ತಮ್ಮ ಬಂದಿದ್ದಾನೆ. ಅವನ ಪತ್ರ ಓದಿ ಹೇಳಿದಾಗ ಅಪ್ಪ ಗೋಡೆಗೆ ಮುಖ ತಿರುಗಿಸಿ ಮಲಗಿಬಿಟ್ಟಿದ್ದ. ಬರಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅದಾದ ಮೇಲಿನ ಶುಕ್ರವಾರ ಜಗುಲಿಯಲ್ಲಿ ಅವನನ್ನು ದಿಂಬಿಗೆ ಒರಗಿಸಿ ನಾನು ತೊಗರಿ ಸುಲಿಯುತ್ತ ಕೂತಿದ್ದೆ. ಗೇಟಿನ ಹತ್ತಿರ ಯಾರೋ ಎತ್ತರದ ಮನುಷ್ಯ. ಜಟೆ ಸೊಂಟದ ತನಕ ಇಳಿದಿದೆ, ಹೆಗಲಲ್ಲಿ ಒಂದು ಗಂಟು, ಬೆನ್ನಿಗೆ ಒಂದು ಡೋಲು. ಬರಿಗಾಲು. ನಡಿಗೆಯಲ್ಲೇ ಗುರುತು ಸಿಕ್ಕಿತು, ಅದು ಥೇಟ್ ಅಪ್ಪನದೇ ಆಗಿತ್ತು.

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಆ ಸೊಟ್ಟ ಬಾಯಲ್ಲೇ ಕೇಳಿದ:

"ಎಷ್ಟು ಜನ ಬಂದಿದ್ದೀರಿ?"

"ಒಬ್ಬನೇ ಅಪ್ಪಾ."

"ಕಾಗದದಲ್ಲಿ ನಾನೂ ನಾನೂ ಬರ್ತೀವಿ ಅಂತಿತ್ತಲ್ಲ. ಇನ್ನೊಬ್ಬ ಆ ಕೂದಲೊಳಗೆ ಅವಿತಿದ್ದಾನಾ?"

ನನಗೆ ನಗು ತಡೆಯಲಾಗಲಿಲ್ಲ. ಕಾಸ್ಬರ್ಟ್ ನಗಲಿಲ್ಲ, ಅಲ್ಲಾಡದೆ ನಿಂತೇ ಇದ್ದ.

"ನನ್ನ ಪೆಟ್ಟಿಗೆ ಹಿಡಿಯಲ್ವಂತೆ?"

"ಇಲ್ಲ ಅಪ್ಪಾ."

"ಮತ್ಯಾಕೆ ಬಂದೆ?"

"ಅಪ್ಪನ್ನ ಹಿಡಿಯೋಕೆ."

ಅಪ್ಪ ಎಡತೋಳನ್ನು ಅವನತ್ತ ಎತ್ತಿದ. "ಹಂಗಾದ್ರೆ ಹಿಡಿ. ಉಚ್ಚೆ ಬಂದಿದೆ, ನಿಮ್ಮಮ್ಮನಿಗೆ ನನ್ನ ಎತ್ತೋಕಾಗಲ್ಲ" ಅಂದ. ಅಲ್ಲಿಗೆ ಗೇಟಿನ ಜಗಳ ಮುಗಿಯಿತು. ಇದಕ್ಕಾಗಿ ಇಷ್ಟು ವರ್ಷ ನಾನು ಮೊಣಕಾಲೂರಿದ್ದೇ ಊರಿದ್ದು!

ಅವತ್ತಿನಿಂದ ಅಪ್ಪನ ಮೈ ತೊಳೆಯುವುದು, ಹೊರಳಿಸುವುದು, ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕುವುದು, ಎಲ್ಲ ಅವನದೇ. ಜಟೆಯನ್ನು ಎತ್ತಿ ಬಟ್ಟೆಯಲ್ಲಿ ಬಿಗಿದು ಕಟ್ಟುತ್ತಾನೆ, ಕೈಯನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಿಕೊಂಡೇ ಅಪ್ಪನನ್ನು ಮುಟ್ಟುತ್ತಾನೆ. ಅಡುಗೆಯನ್ನೂ ನನ್ನಿಂದ ಕಸಿದುಕೊಂಡ. ಅವರದು ಉಪ್ಪಿಲ್ಲದ, ಮಾಂಸವಿಲ್ಲದ ಊಟ, ಇಟಲ್ ಅನ್ನುತ್ತಾರೆ. ಕುಂಬಳ, ಕಲಲೂ ಸೊಪ್ಪು, ದಿವಿಹಲಸು, ತೆಂಗಿನಹಾಲು, ಕಾಡಿನಿಂದ ತಂದ ಯಾವುದೋ ಎಲೆ. ಮೊದಲ ದಿನ ಅಪ್ಪ, "ಇದೇನು ಮೇಕೆಗೆ ಹಾಕೋದಾ?" ಅಂದ. ಈಗ ತಟ್ಟೆ ನೆಕ್ಕುತ್ತಾನೆ. ನಾನೂ ನೆಕ್ಕುತ್ತೇನೆ, ಅದನ್ನು ಚರ್ಚಿನ ಸಭೆಯವರಿಗೆ ಬರೆದುಬಿಡಬೇಡ.

ಸಭೆಯ ಪರ್ಲೀನಾ ಬೇಲಿಯ ಮೇಲಿಂದ ಬಗ್ಗಿ, "ಅಡೀನಾ, ಆ ಕಂಬಳಿಹುಳಾನ ಒಳಗೆ ಬಿಟ್ಕೊಂಡಿದ್ಯಲ್ಲ, ನಿಂಗೆ ಭಯ ಆಗಲ್ವಾ?" ಅಂದಳು. "ಆಗತ್ತೆ ಪರ್ಲೀನಾ, ನನ್ನ ಪಾತ್ರೆಗಳು ಈಗ ಎಷ್ಟು ಬೆಳ್ಳಗಿವೆ ಅಂದ್ರೆ ನನ್ನ ಮುಖ ನಂಗೇ ಕಂಡು ಹೆದರ್ಕೋತೀನಿ" ಅಂದೆ.

ಭಂಗಿ ಸೊಪ್ಪಿನ ವಿಷಯ ನೀನು ಕೇಳುವುದಕ್ಕೆ ಮುಂಚೆ ಹೇಳಿಬಿಡುತ್ತೇನೆ. ಬೆಳಗಿನ ಪ್ರಾರ್ಥನೆಗೆ ಸೇದುತ್ತಾನೆ, ಬೇಲಿಯಾಚೆ, ಗಾಳಿ ಅತ್ತ ಬೀಸುವಾಗ. ನಾನು ನೋಡಿಲ್ಲವೆಂದು ಅವನೂ, ಅವನು ಸೇದಿಲ್ಲವೆಂದು ನಾನೂ ನಡೆಸಿಕೊಂಡು ಹೋಗುತ್ತಿದ್ದೇವೆ.

ಪ್ರೀತಿಯಿಂದ,
ಅಮ್ಮ

*

ನಾಟಿಂಗ್‌ಹ್ಯಾಮ್
೧೧ ಆಗಸ್ಟ್ ೧೯೭೫

ಪ್ರೀತಿಯ ಅಮ್ಮ,

ಪತ್ರ ಓದಿ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ನಾನು ದಿನವಿಡೀ ಇಂಥ ರೋಗಿಗಳನ್ನೇ ನೋಡುವವಳು. ಗುಳಿಗೆ ತಪ್ಪಿಸಬಾರದು, ಕಾಡಿನ ಎಲೆ ಗುಳಿಗೆಯ ಬದಲಿಗಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅವನಿಗೆ ಇದನ್ನು ಬಿಡಿಸಿ ಹೇಳು.

ಅವನು ಮಾಡುತ್ತಿರುವುದು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆದರೆ ಅಮ್ಮ, ನಾಳೆ ಆಗಬಾರದ್ದು ಆದಾಗ ಇವನು ಬೆನ್ನು ತಿರುಗಿಸಿ ಗುಡ್ಡ ಹತ್ತುತ್ತಾನಲ್ಲ, ಆಗ ನೀನು ಯಾರ ಹೆಗಲಿಗೆ ಒರಗುತ್ತೀಯ? ಊರು ಏನನ್ನುತ್ತದೆ? ಅಪ್ಪನಂಥ ಮನುಷ್ಯನ ಪೆಟ್ಟಿಗೆಯ ತಲೆಯ ಕಡೆ ಸ್ವಂತ ಮಗನಿಲ್ಲವೆಂದರೆ ಆ ಅವಮಾನ ಯಾವ ಎಣ್ಣೆ ತಿಕ್ಕಿದರೂ ಹೋಗುವುದಿಲ್ಲ. ಅವನ ಜೊತೆ ಈಗಲೇ ಮಾತಾಡಿ ಸರಿಮಾಡಿಕೋ.

ನನಗೂ ಬರುವ ಆಸೆ. ವಾರ್ಡಿನಲ್ಲಿ ಜನ ಸಾಲದು. ಸಿಗುವುದೇ ಒಂದು ರಜೆ, ಅದನ್ನು ಈಗಲೇ ತೆಗೆದುಕೊಂಡರೆ ಆಮೇಲೆ... ನಿನಗೆ ಅರ್ಥವಾಗುತ್ತದೆ.

ಅಪ್ಪನ ಎಡಗೈಗೆ ನನ್ನ ಮುತ್ತು.
ವೆರೋನಾ

*

ಹಾರ್ಡಿ ಬೇ
೧೪ ಸೆಪ್ಟೆಂಬರ್ ೧೯೭೫

ನನ್ನ ವೆರೋನಾ,

ಅರ್ಥವಾಯಿತು ಮಗಳೆ.

ಇಲ್ಲಿನ ಸುದ್ದಿ ಕೇಳು. ಅಪ್ಪ ತನಗೆಂದು ಕಾರ್ಯಾಗಾರದ ಅಟ್ಟದ ಮೇಲೆ ಸೀಡರ್ ಹಲಗೆ ಎತ್ತಿಟ್ಟಿದ್ದನಲ್ಲ, ಯಾರಿಗೂ ಮುಟ್ಟಲು ಬಿಡದೆ. ಕಾಸ್ಬರ್ಟ್ ಅದರ ಕೆಳಗೆ ನಿಂತು ಮೇಲೆ ನೋಡಿ, "ಅಪ್ಪಾ, ಆ ಹಲಗೆ ನಂಗೆ ಕೊಡು" ಅಂದ.

"ಪೆಟ್ಟಿಗೆ ಮುಟ್ಟಲ್ಲ ಅಂದೋನಿಗೆ ಹಲಗೆ ಯಾಕೋ?"

"ಕುರ್ಚಿ ಮಾಡ್ತೀನಿ. ಉದ್ದ ಹಿಡಿಕೆ ಇಟ್ಟು. ಸಮುದ್ರಕ್ಕೆ ಕರ್ಕೊಂಡು ಹೋಗೋಕೆ."

ನಾನು ಚೀರಿದೆ. "ಅಯ್ಯೋ ಅಪಶಕುನದವನೆ, ಆಮೇಲೆ ನಿಮ್ಮಪ್ಪನ್ನ ಯಾವುದರಲ್ಲಿ ಮಲಗಿಸಲಿ, ಬಾಳೆಲೆಯಲ್ಲಾ?" ಸಂಜೆ ಗಂಜಿ ಕುಡಿಯುವಾಗ ಅಪ್ಪ, ಯಾರ ಮುಖವನ್ನೂ ನೋಡದೆ ಅಂದ: "ಕಾಲು ಅಗಲ ಇಡು. ಮರಳಲ್ಲಿ ಹೂತು ಹೋಗತ್ತೆ."

ಮಾರನೆಯ ದಿನದಿಂದ ಕಾರ್ಯಾಗಾರದಲ್ಲಿ ಇಬ್ಬರದೂ ಬೈಗುಳದ ಸಂತೆ. ಅಪ್ಪ ದಿಂಬಿಗೊರಗಿ, "ಅದು ಗೂಟವಾ ಇಲ್ಲಾ ನಿನ್ನ ಜಟೆಯಾ, ಸ್ವಲ್ಪ ಸವರೋ" ಅನ್ನುವುದು, ಅವನು ನಗುತ್ತ ಸವರುವುದು. ಎಷ್ಟೋ ವರ್ಷದಿಂದ ಅಲ್ಲಿ ಪೆಟ್ಟಿಗೆ ಬಿಟ್ಟರೆ ಬೇರೇನೂ ಹುಟ್ಟಿರಲಿಲ್ಲ. ಈಗ ಕುರ್ಚಿ ಹುಟ್ಟಿತು. ಸಿಂಹಾಸನದ ಹಾಗಿದೆ. ಕಾಸ್ಬರ್ಟ್ ಹಿಂದೆ, ಆಲ್ಟಿ ಮುಂದೆ ಹಿಡಿದು ದಿನಾ ಬೆಳಿಗ್ಗೆ ಅವನನ್ನು ನೀರಿನಂಚಿಗೆ ಒಯ್ಯುತ್ತಾರೆ. ಅಲೆ ಬಂದು ಆ ಸತ್ತ ಕಾಲನ್ನು ನೆಕ್ಕಿ ಹೋಗುತ್ತದೆ. ಮೀನುಗಾರರೆಲ್ಲ ಅಪ್ಪನಿಗೆ, "ಏನ್ ಮಾಸ್ ಝೀಕ್, ಇವತ್ತು ದರ್ಬಾರು ಯಾವಾಗ ಶುರು?" ಅಂತ ಕೇಳುತ್ತಾರೆ. ಅಪ್ಪನೂ ಗತ್ತಿನಿಂದ ಎಡಗೈ ಎತ್ತುತ್ತಾನೆ.

ಇನ್ನೊಂದು ಹೇಳಬೇಕು. ಅವನ ಡೋಲಿನ ಬಡಿತ ಎದೆಬಡಿತದಂತೆಯೇ: ಎರಡು ಪೆಟ್ಟು, ಬಿಡುವು, ಎರಡು ಪೆಟ್ಟು, ಬಿಡುವು. ಅದನ್ನು ಬಾರಿಸಿ ಅಪ್ಪನಿಗೆ ಕಾಲೆತ್ತಲು ಕಲಿಸುತ್ತಿದ್ದ. ಕಾಲು ಹೆಚ್ಚೇನೂ ಏಳಲಿಲ್ಲ. ಆದರೆ ಒಂದು ಬೆಳಿಗ್ಗೆ ಆ ಬಡಿತಕ್ಕೆ ಅಪ್ಪ ಗುನುಗಲು ಶುರುಮಾಡಿದ, ಹೆಣದ ಮನೆಯಲ್ಲಿ ಎತ್ತಿಕೊಡುತ್ತಿದ್ದನಲ್ಲ ಆ ಹಾಡು. ಗುನುಗು ಹಾಡಾಯಿತು, ಹಾಡಿನಲ್ಲಿ ಮಾತು ಬಂತು. ವೆರೋನಾ, ಒಂದೊಂದು ಅಕ್ಷರವೂ ಸ್ಫಟಿಕ! ನೀರು ಕೇಳಲು ತೊದಲುವವನು ಇಡೀ ಹಾಡನ್ನು ಕೊನೆಯ ಸಾಲಿನ ತನಕ ಹಾಡಿದ. ಈಗಂತೂ ಏನು ಬೇಕಾದರೂ ಹಾಡಿಯೇ ಕೇಳುತ್ತಾನೆ. ನಿನ್ನೆ ಪಾಯಖಾನೆಗೆ ಹೋಗಬೇಕೆಂದು ಕ್ರಿಸ್ಮಸ್ ರಾಗದಲ್ಲಿ ಹಾಡಿದ.

ರೇಡಿಯೋ ಸುದ್ದಿ ನಿನಗೂ ಮುಟ್ಟಿರಬೇಕು. ಇಥಿಯೋಪಿಯಾದ ಆ ಚಕ್ರವರ್ತಿ, ಇವರು ದೇವರೆಂದು ನಂಬಿದವನು, ತೀರಿಕೊಂಡನಂತೆ. ಅಪ್ಪ ಎಷ್ಟು ವರ್ಷ ಅವನ ವಿಷಯಕ್ಕೆ ಇವನನ್ನು ಚುಚ್ಚಿದ್ದಾನೆ! ಈಗಲೂ ಚುಚ್ಚುತ್ತಾನೆಂದುಕೊಂಡೆ. ಅಪ್ಪ ಎಡಗೈ ಚಾಚಿ ರೇಡಿಯೋ ಆರಿಸಿದ, ಅಷ್ಟೆ. ಸಂಜೆ ರಸ್ತೆಯಲ್ಲಿ ಯಾರೋ ಪೋಲಿ, "ಏ ರಾಸ್ತಾ, ನಿನ್ ದೇವ್ರಿಗೆ ಪೆಟ್ಟಿಗೆ ಬೇಕಂತಲ್ಲೋ, ನಿಮ್ಮಪ್ಪಂಗೆ ಹೇಳೋ!" ಅಂತ ಕೂಗಿದ. ಅಪ್ಪ ಇದ್ದ ಬಲವೆಲ್ಲ ಸೇರಿಸಿ, "ನನ್ನ ಮಗನ ದೇವರ ಸುದ್ದಿ ನನ್ನ ಗೇಟಿನ ಹತ್ರ ಎತ್ತಬೇಡ!" ಅಂತ ಗರ್ಜಿಸಿದ. ಅರ್ಧ ಮಾತು ಎಂಜಲಿನಲ್ಲಿ ಹೋಯಿತು, ಆದರೂ ಆ ಪೋಲಿಗೆ ತಿಳಿಯಿತು.

ಕಾಸ್ಬರ್ಟ್ ಮೆಲ್ಲಗೆ ಅಂದ, "ಅವನಿಗೆ ಸಾವಿಲ್ಲ ಅಪ್ಪಾ."

"ನನ್ನವನಿಗೂ ಇಲ್ಲ. ಅಲ್ಲಿಗೆ ಇಬ್ರೂ ಸರಿ ಇದೀವಿ. ಊಟ ಹಾಕು."

ಪೆಟ್ಟಿಗೆಯ ವಿಷಯ ಮಾತಾಡಿ ಸರಿಮಾಡಿಕೋ ಅಂದಿದ್ದೆ. ನಾನು ಮಾತಾಡಲಿಲ್ಲ. ಆಡುವ ಮನಸ್ಸಾಗಲಿಲ್ಲ.

ಅಮ್ಮ

*

ಹಾರ್ಡಿ ಬೇ
೨ ಅಕ್ಟೋಬರ್ ೧೯೭೫

ಅಕ್ಕಾ,

ಪ್ರೀತಿ, ಶಾಂತಿ. ನಮ್ಮಿಬ್ಬರ ನಡುವೆ ಪತ್ರವಿಲ್ಲದೆ ಎಷ್ಟೋ ಕಾಲವಾಯಿತು. ಇದೊಂದು ಮಾತಿಗೆ ಬರೆಯುತ್ತಿದ್ದೇನೆ.

ಈಗ ಬಾ. ಅಪ್ಪ ಹಾಡುತ್ತಿದ್ದಾನೆ. ಬೆಳಿಗ್ಗೆ ಬೈಬಲಿನ ಒಂದು ಅಧ್ಯಾಯ ಓದಿಸಿಕೊಂಡು, ಅರ್ಥಕ್ಕೆ ನನ್ನ ಜೊತೆ ಜಗಳವಾಡಿ, ಗೆದ್ದೆನೆಂದು ಬೀಗುತ್ತಿದ್ದಾನೆ. ನಿನ್ನ ಹೆಸರನ್ನು ನಿನ್ನೆ ಒಂದು ರಾಗದಲ್ಲಿಟ್ಟು ಹಾಡಿದ. ಆ ದನಿ ಇನ್ನೆಷ್ಟು ಕಾಲವಿರುತ್ತದೋ ನನಗೆ ಗೊತ್ತಿಲ್ಲ. ಆಮೇಲೆ ಬರುವವರು ಬೇಕಾದಷ್ಟು ಜನ ಇರುತ್ತಾರೆ.

ಇಥಿಯೆಲ್

*

ನಾಟಿಂಗ್‌ಹ್ಯಾಮ್
೩೦ ನವೆಂಬರ್ ೧೯೭೫

ಕಾಸ್ಬರ್ಟ್,

ಇಥಿಯೆಲ್ ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ವಿಮಾನ, ಬಸ್ಸು, ಟ್ರಕ್ಕು ಹತ್ತಿ ಇಳಿದು, ಹೂಚಕ್ರ ಹಿಡಿದು ನಮ್ಮ ಗೇಟು ತಲುಪಿದೆ. ಇಡೀ ಊರು ಅಂಗಳದಲ್ಲಿತ್ತು. ನೀನಿರಲಿಲ್ಲ. ಅಂಗಡಿಯಿಂದ ತಂದ ಹೊಳಪಿನ ಪೆಟ್ಟಿಗೆಯಲ್ಲಿ ಅಪ್ಪ ಮಲಗಿದ್ದ, ಊರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟವನು! ತಲೆಯ ಕಡೆ ಹಿಡಿದದ್ದು ಬ್ರೆಡ್ ವ್ಯಾನಿನ ಆಲ್ಟಿ. ಅಮ್ಮನ ಪಕ್ಕ ನಾನೊಬ್ಬಳೇ ನಿಂತೆ. ಹೆಂಗಸರು ಬೀಸಣಿಗೆಯ ಹಿಂದೆ ಮುಖ ಮರೆಸಿಕೊಂಡು ಪಿಸುಗುಟ್ಟಿದ್ದನ್ನೆಲ್ಲ ಕೇಳಿಸಿಕೊಂಡೆ. ಅಪ್ಪ ತೀರಿದ ಒಂಬತ್ತನೆಯ ರಾತ್ರಿ ಊರೆಲ್ಲ ಕೂಡಿ ಹಾಡುವಾಗಲೂ ನೀನು ಬರಲಿಲ್ಲ. ಅವನ ಉಸಿರು ನಿಂತ ದಿನ ಬೆಳಿಗ್ಗೆಯೇ ಗಂಟು ಕಟ್ಟಿಕೊಂಡು ಹೊರಟೆಯಂತೆ. ಕೇಳಿದರೆ ಅಮ್ಮ, "ಅವನ ಮೇಲೆ ಸಿಟ್ಟು ಮಾಡ್ಕೋಬೇಡ" ಎಂದು ಎದ್ದು ಹೋದಳು.

ಯಾವ ದೇವರು ಮಗನಿಗೆ ಹೀಗೆ ಮಾಡು ಎನ್ನುತ್ತಾನೆ? ನೀನು ಅಷ್ಟು ತಿಂಗಳು ತೊಳೆದ ದೇಹವನ್ನೇ ಕೊನೆಗೆ ಮುಟ್ಟಲು ಹೇಸಿದೆಯಲ್ಲ.

ಉತ್ತರ ಬೇಕಿಲ್ಲ.

ವೆರೋನಾ ಲಮ್ಸ್‌ಡೆನ್

*

ಗುಡ್ಡದ ಮೇಲಿನ ಬಿಡಾರ
೧೧ ಜನವರಿ ೧೯೭೬

ಅಕ್ಕಾ,

ಉತ್ತರ ಬೇಡವೆಂದೆ. ಆದರೆ ಆ ಬೆಳಗಿನ ಮಾತು ಅಪ್ಪನದು, ಅದು ನಿನಗೂ ಸೇರಬೇಕಾದದ್ದು. ಅದಕ್ಕೆ ಬರೆಯುತ್ತಿದ್ದೇನೆ.

ಎರಡನೆಯ ಸಲ ಲಕ್ವ ಹೊಡೆದು ಕೆಲವು ದಿನವಾಗಿತ್ತು. ಸಮುದ್ರಕ್ಕೆ ಹೋಗುವುದು ನಿಂತಿತ್ತು. ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಳನೀರು ತುಟಿಗೆ ಮುಟ್ಟಿಸುತ್ತಿದ್ದೆ. ಹೋಗಬೇಕೆಂದು ನನಗೆ ತಿಳಿದಿತ್ತು. ಏಳಲು ಮನಸ್ಸು ಬರಲಿಲ್ಲ. ವ್ರತ ಮುರಿದರೆ ಮುರಿಯಲಿ, ಜಾ ನೋಡಿಕೊಳ್ಳಲಿ, ಇಲ್ಲೇ ಕೂತಿರುತ್ತೇನೆಂದು ನಿಶ್ಚಯಿಸಿಬಿಟ್ಟಿದ್ದೆ. ಅಕ್ಕಾ, ಇದನ್ನು ಬಿಡಾರದ ಹಿರಿಯರಿಗೂ ನಾನು ಹೇಳಿಲ್ಲ.

ಅವನು ಕಣ್ಣು ಬಿಟ್ಟ. ಹಾಡುವ ಶಕ್ತಿ ಇರಲಿಲ್ಲ, ಒಂದೊಂದೇ ಮಾತು ಹೆಕ್ಕಿ ಆಡಿದ.

"ಹೊತ್ತಾಯ್ತು. ಹೊರಡು."

"ಹೋಗಲ್ಲ ಅಪ್ಪಾ."

"ಹುಚ್ಚ. ಪೆಟ್ಟಿಗೆ ಮಾಡೋನು ನಾನು. ಯಾವಾಗ ಅಂತ ನಂಗೆ ಗೊತ್ತಾಗತ್ತೆ."

ನಾನು ಅತ್ತೆ. ಅವನ ಎಡಗೈ ನನ್ನ ತಲೆಯ ಮೇಲೆ ಬಂತು. ಒಂದು ಜಟೆಯನ್ನು ಬೆರಳಿಗೆ ಸುತ್ತಿಕೊಂಡ, ಗೇಟಿನಲ್ಲಿ ನಿಂತು ಬಾಚು ಎಂದ ಅದೇ ಅಪ್ಪ.

"ಊರಲ್ಲಿ ಎಷ್ಟು ಜನರನ್ನ ಮಣ್ಣಿಗೆ ಇಳಿಸಿದೀನಿ. ಎಲ್ರೂ ಹಾಡಿ ಹೊಗಳಿದ್ರು. ಒಬ್ರಿಗೂ ಬದುಕಿದ್ದಾಗ ನಾನು ಒಂದು ಲೋಟ ನೀರು ಕೊಟ್ಟಿಲ್ಲ. ನಂಗೆ ಸಿಗಬೇಕಾದ್ದು ಸಿಕ್ಕಿದೆ ಮಗಾ. ಇನ್ನು ಉಳಿಯೋದು ಮರದ ಕೆಲಸ, ಅದು ಯಾರು ಮಾಡಿದ್ರೂ ಆಗತ್ತೆ. ನಿನ್ನ ವ್ರತ ನನ್ನಿಂದ ಕೆಡಬಾರದು. ಏಳು."

ಈ ಮಾತು ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾನು ಅವನ ಹಣೆಗೆ, ಎರಡು ಕೈಗೆ, ಎರಡು ಪಾದಕ್ಕೆ ಮುತ್ತಿಟ್ಟೆ. ಎಲ್ಲ ಬೆಚ್ಚಗಿದ್ದವು. ತಲೆಯನ್ನು ಅಮ್ಮನ ತೊಡೆಗೆ ಒಪ್ಪಿಸಿದೆ. ಅಮ್ಮ ನನ್ನ ಗಂಟಿಗೆ ಸುಟ್ಟ ದಿವಿಹಲಸು ಹಾಕಿ ಕಟ್ಟಿ, "ದಾರಿಯಲ್ಲಿ ತಿನ್ನು, ಹಸಿದ್ಕೊಂಡು ಹತ್ತಬೇಡ" ಅಂದಳು. ಅವಳು ಹೇಳಿದ್ದು ಅಷ್ಟೇ.

ಗುಡ್ಡದ ತಿರುವಿನಲ್ಲಿ ನನ್ನ ಕಾಲು ನಿಂತಿತು. ಅಲ್ಲಿಂದ ಮನೆಯ ತಗಡು ಕಾಣುತ್ತದೆ. ಡೋಲು ತೆಗೆದು ಬಾರಿಸುತ್ತ ಕೂತೆ. ಕೆಳಗೆ ಅಂಗಳದಲ್ಲಿ ಹಾಡು ಏಳುವ ತನಕ ಬಾರಿಸಿದೆ. ಹಾಡು ಎದ್ದಾಗ ತಿಳಿಯಿತು. ಕೈ ನಿಲ್ಲಿಸಲಿಲ್ಲ.

ಹೇಸಿದೆ ಎಂದು ಬರೆದಿದ್ದೀಯ. ಅಲ್ಲ ಅಕ್ಕಾ. ನೀನು ಬಂದದ್ದನ್ನು ನಾನು ಕಡಿಮೆಯೆನ್ನುವುದೂ ಇಲ್ಲ. ಅಮ್ಮನ ಪಕ್ಕ ನೀನು ನಿಂತೆ, ನಾನು ನಿಲ್ಲಲಾಗದ ಕಡೆ. ನನ್ನ ದಾರಿ ಸುಲಭದ್ದೆಂದು ಮಾತ್ರ ಅಂದುಕೊಳ್ಳಬೇಡ.

ನಾನೂ ನಾನೂ,
ಇಥಿಯೆಲ್

*

ಹಾರ್ಡಿ ಬೇ
೨೫ ಏಪ್ರಿಲ್ ೧೯೭೬

ನನ್ನ ವೆರೋನಾ,

ನಿನ್ನ ಪತ್ರ ಬಾರದೆ ಬಹಳ ದಿನವಾಯಿತು. ಮೈ ಸರಿಯಿದೆ ತಾನೆ?

ಇಲ್ಲಿ ನಾನೊಂದು ರಾದ್ಧಾಂತ ಮಾಡಿದ್ದೇನೆ. ಬೇರೆಯವರಿಂದ ಕೇಳುವ ಬದಲು ನನ್ನಿಂದಲೇ ಕೇಳು. ಕಳೆದ ಭಾನುವಾರ ಹೊರಗಿನಿಂದ ಬಂದ ಪಾದ್ರಿಯೊಬ್ಬರು ಉಪದೇಶ ಮಾಡಿದರು. ಯಾರೋ ಕಿವಿಯೂದಿರಬೇಕು. ತಂದೆಯ ಗುಂಡಿಗೆ ಒಂದು ಹಿಡಿ ಮಣ್ಣು ಹಾಕದೆ ಓಡಿಹೋಗುವ ಜಟೆಯ ಮಕ್ಕಳ ಮೇಲೆ ಶುರುಮಾಡಿದರು. ಎಲ್ಲರ ಕತ್ತೂ ನನ್ನ ಕಡೆ ಹೊರಳಿತು. ನಾನು ಬೀಸಣಿಗೆ ಮಡಿಸಿಟ್ಟು ಎದ್ದು ನಿಂತೆ.

"ಪಾದ್ರಿಗಳೇ, ನೀವು ಹೊಸಬರು, ಅದಕ್ಕೆ ಹೇಳ್ತೀನಿ. ನನ್ನ ಗಂಡನ ಹೆಣ ಹೊರೋಕೆ ಈ ಸಭೆಯ ಅರ್ಧ ಗಂಡಸರು ಬಂದಿದ್ರು, ದೇವರು ಅವರನ್ನ ಆಶೀರ್ವದಿಸಲಿ. ಅವನ ಹೇಲು ತೊಳೆಯೋಕೆ ಒಬ್ಬನೇ ಬಂದಿದ್ದ. ಆ ಒಬ್ಬನ ತಲೆಯಲ್ಲಿ ಜಟೆ ಇತ್ತು. ಈಗ ನೀವು ಉಪದೇಶ ಮುಂದುವರಿಸಿ."

ಕೂತೆ. ಪಾಪ, ಅವರಿಗೆ ತಾವು ಯಾವ ಪುಟದಲ್ಲಿದ್ದೆವೆಂದು ಮರೆತುಹೋಯಿತು. ಹಿಂದಿನ ಸಾಲಿನಿಂದ ಆಲ್ಟಿ, "ಆಮೆನ್!" ಅಂತ ಕೂಗಿದ, ಅವನು ಆ ಸಭೆಯವನೇ ಅಲ್ಲ. ಬಾಗಿಲಲ್ಲಿ ಪರ್ಲೀನಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಜಗಳಕ್ಕೇ ಬಂದಳೆಂದುಕೊಂಡೆ. "ಅಡೀನಾ, ನಮ್ಮನೆಯವ್ರಿಗೆ ರಕ್ತದೊತ್ತಡ ಏರಿದೆ. ಆ ಕಂಬಳಿಹುಳ, ಅಲ್ಲ, ನಿನ್ನ ಮಗ, ಆ ಕುಂಬಳದ ಸಾರಿಗೆ ಏನೇನು ಹಾಕ್ತಾನೆ?" ಅಂದಳು.

ಕಾಸ್ಬರ್ಟ್ ಈಗ ಆಗಾಗ ಗುಡ್ಡ ಇಳಿದು ಬರುತ್ತಾನೆ, ಕೈತುಂಬ ಸೊಪ್ಪು ತರುತ್ತಾನೆ. ಮೊನ್ನೆ ಅವನಿಗೆ ಹೇಳಿದೆ: "ನೋಡು, ನಾನು ಸತ್ತಾಗ ನೀನು ಬರೋದು ಬೇಡ. ಬಂದ್ರೂ ನಂಗೆ ಗೊತ್ತಾಗಲ್ಲ. ಈಗ ಬರ್ತಾ ಇರು, ಈಗ ನಂಗೆ ಗೊತ್ತಾಗತ್ತೆ." ಅವನು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡ. ನನಗೆ ವಯಸ್ಸಾಯಿತಲ್ಲ, ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವುದಿಲ್ಲ.

ಮಾವು ಹೂಬಿಟ್ಟು ಕಾಯಿ ಕಚ್ಚಿದೆ. ಈ ಸಲ ಕೊಂಬೆ ಮುರಿಯುವಷ್ಟು. ನೀನಿರುವ ಕಡೆ ಮಾವು ಸಿಗುತ್ತದೆಯೋ?

ಅಮ್ಮ

*

ನಾಟಿಂಗ್‌ಹ್ಯಾಮ್
೨೦ ಜೂನ್ ೧೯೭೬

ಪ್ರೀತಿಯ ಅಮ್ಮ,

ಇಲ್ಲಿ ಮಾವು ಸಿಗುತ್ತದೆ. ರುಚಿ ಇರುವುದಿಲ್ಲ.

ಪತ್ರ ಬರೆಯದ್ದಕ್ಕೆ ಕಾರಣ ಕೇಳಬೇಡ. ತಮ್ಮನ ಪತ್ರವನ್ನು ಬಹಳ ಕಾಲ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನನ್ನ ವಾರ್ಡಿನಲ್ಲಿ ಮುದುಕರಿದ್ದಾರೆ. ಅವರ ಮಕ್ಕಳು ಬರುವುದು ಯಾವಾಗ ಎಂದು ನನಗೆ ಚೆನ್ನಾಗಿ ಗೊತ್ತು. ಕಪ್ಪು ಕೋಟು ಹಾಕಿಕೊಂಡು ಬರುತ್ತಾರೆ, ಬಹಳ ಅಳುತ್ತಾರೆ. ನಾನೂ ಹಾಗೇ ಬಂದಿದ್ದೆ, ಹೂಚಕ್ರ ಹಿಡಿದು.

ಅವನಿಗೆ ಬೇರೆಯಾಗಿ ಬರೆಯುತ್ತಿಲ್ಲ. ಮುಂದಿನ ಸಲ ಗುಡ್ಡ ಇಳಿದಾಗ ಇದನ್ನೇ ಓದಿ ಹೇಳು. ಇಥಿಯೆಲ್‌ಗೆ ಅವನ ಅಕ್ಕ ಬರೆದಿದ್ದಾಳೆಂದು ಹೇಳು, ಅವನ ಹೆಸರು ಹಿಡಿದೇ ಹೇಳು.

ನಿನ್ನೆ ಮೇಟ್ರನ್ ಕೋಣೆಗೆ ಹೋಗಿ ರಜೆ ಕೇಳಿದೆ. ಮನೆಗೆ, ಜಮೈಕಾಕ್ಕೆ ಎಂದೆ. ಅವರು ಕನ್ನಡಕ ತೆಗೆದು, ಮುಖ ಮೃದು ಮಾಡಿಕೊಂಡು, "ಅಯ್ಯೋ ಪಾಪ, ಯಾರು ತೀರಿಕೊಂಡ್ರಮ್ಮಾ?" ಅಂದರು.

"ಯಾರೂ ಇಲ್ಲ. ಎಲ್ಲರೂ ಬದುಕಿದ್ದಾರೆ. ಅದಕ್ಕೇ ಹೋಗ್ತಿದ್ದೀನಿ" ಅಂದೆ.

ಅವರಿಗೆ ಏನೂ ತಿಳಿಯಲಿಲ್ಲ, ಆದರೂ ಸಹಿ ಹಾಕಿದರು. ಜುಲೈ ಕೊನೆಯ ಶನಿವಾರ ಬರುತ್ತೇನೆ. ಹಸಿದು ಬರುತ್ತೇನೆ.

ನಿನ್ನ
ವೆರೋನಾ